ಸುಣ್ಣ ಬಳಿದ ಇಂಜಿನ್

ನನ್ನ ಭಾವ, ಅಂದರೆ ಅಕ್ಕನ ಗಂಡ, ಚಿನ್ನದ ಗಣಿಯೊಳಕ್ಕೆ ಆಳುಗಳನ್ನು ಒಯ್ಯುವ ಕಬ್ಬಿಣದ ಗೂಡು, ಅಂದರೆ ಕೇಜನ್ನು ಇಳಿಸಿ ಏರಿಸುವ ಇಂಜಿನ್ನಿನ ಡ್ರೈವರ್. ಅದೇ ಇಂಜಿನ್ ಮನೆಯಲ್ಲಿ ನಾನು ಫಿಟ್ಟರ್. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಿಜ, ಆದರೆ ನಾನು ಬಿಗಿದ ಬೋಲ್ಟನ್ನು ಇನ್ನೊಬ್ಬ ಬಂದು ಬಿಗಿದದ್ದಿಲ್ಲ.

ಐವತ್ತರ ದಶಕ ಮುಗಿಯುವ ಹೊತ್ತಿನ ಮಾತು. ಆಳು ತುಂಬಿದ ಕೇಜು ಅರ್ಧ ದಾರಿಯಲ್ಲಿ ಇದ್ದಕ್ಕಿದ್ದಂತೆ ಎಗರತೊಡಗಿತು. ಒಮ್ಮೆ ಒಬ್ಬನ ಮುಂಗೈ ಮುರಿಯಿತು. ಇಂಜಿನಿಯರ್ ಸಾಹೇಬರು ಇಂಜಿನ್ ನಿಲ್ಲಿಸಿ, ಬ್ರೇಕು ಬಿಚ್ಚಿಸಿ, ಒಂದೊಂದೇ ಭಾಗ ನೋಡಿದರು. ಮತ್ತೆ ಎಗರಿದಾಗ ಮತ್ತೆ ನಿಲ್ಲಿಸಿ ನೋಡಿದರು. ಏನೂ ಸಿಗಲಿಲ್ಲ. ಕಡೆಗೆ, "ಮಿಷಿನ್ ಸರಿ ಇದೆ, ಡ್ರೈವರನ ಕೈ ಸರಿ ಇಲ್ಲ. ಇನ್ನೊಂದು ಸಲ ಆದರೆ ಇವನು ಕೆಳಗಿಳಿದು ಕಲ್ಲು ತುಂಬಲಿ" ಎಂದರು. ಭಾವನಿಗೆ ಆಗಲೇ ಕೆಮ್ಮು. ಗಣಿಯೊಳಗಿನ ಧೂಳಿಗೆ ಹೋದರೆ ಬಹಳ ಕಾಲ ಬಾಳುವವನಲ್ಲ ಎಂದು ಅಕ್ಕನಿಗೂ ಗೊತ್ತಿತ್ತು.

ನಿಲ್ಲಿಸಿ ನೋಡಿದರೆ ಸಿಗುವ ರೋಗವಲ್ಲ ಇದು ಎನ್ನಿಸಿತು ನನಗೆ. ಭಾರ ಬಿದ್ದು ಓಡುವಾಗ ಯಾವುದೋ ಭಾಗ ಸರಿಯುತ್ತಿದೆ, ನಿಂತೊಡನೆ ತನ್ನ ಜಾಗಕ್ಕೆ ಬಂದು ಕೂರುತ್ತಿದೆ. ಹಾಗಾದರೆ ಓಡುತ್ತಲೇ ಅದು ಗುರುತು ಬಿಡಬೇಕು. ಫೋರ್‌ಮನ್ನರ ಒಪ್ಪಿಗೆ ಕೇಳಿ, ಕೇಜಿನ ಹಗ್ಗ ಸುತ್ತುವ ಡ್ರಮ್ಮಿನ ಆಚೀಚೆಯ ಕಬ್ಬಿಣಕ್ಕೆಲ್ಲ ಸುಣ್ಣ ಬಳಿದೆ. ಎಲ್ಲಿ ಉಜ್ಜಿದರೆ ಅಲ್ಲಿ ಸುಣ್ಣ ಅಳಿಸುತ್ತದೆ.

ಭಾವನಿಗೆ ಕೋಪ ಬಂತು. ನಮ್ಮ ಇಂಜಿನ್ ಮನೆಗೆ ಚಪ್ಪಲಿ ಬಿಟ್ಟು ಬರಬೇಕು, ಹಿತ್ತಾಳೆಯಲ್ಲಿ ಮುಖ ಕಾಣಬೇಕು. ಇಂಜಿನ್ ನಿಂತಿತೆಂದರೆ ಡ್ರೈವರನ ಕೈ ತಾನಾಗಿಯೇ ಒರೆಸುವ ಬಟ್ಟೆಗೆ ಹೋಗುತ್ತಿತ್ತು.

"ಏನ್ಲಾ ಇದು, ನಿಮ್ಮಪ್ಪನ್ ಮನೆ ಗ್ವಾಡೆ ಅಂದ್ಕಂಡಾ?"

"ಒರೆಸ್ಬ್ಯಾಡ ಭಾವ, ನಿನ್ ದಮ್ಮಯ್ಯ. ಕೇಜು ಎಗರಿದ್ರೆ ಅಂಗೇ ಬುಡು, ನಾನ್ ಬಂದು ನೋಡ್ತೀನಿ."

"ಆಯ್ತು ಓಗಲಾ, ಸುಣ್ಣದ್ ಮೇಸ್ತ್ರಿ."

ಅದೇ ವಾರ, ಮಧ್ಯಾಹ್ನದ ಪಾಳಿ ಇಳಿಯುವಾಗ ಕೇಜು ಎಗರಿತು. ಕಂಪ್ರೆಸರ್ ಮನೆಯಲ್ಲಿದ್ದವನು ಓಡಿ ಬಂದೆ. ಭಾವ ಬಟ್ಟೆ ಹಿಡಿದು ನಿಂತಿದ್ದ. ಕಬ್ಬಿಣ ಪಳಪಳ ಹೊಳೆಯುತ್ತಿತ್ತು.

"ಸಾಹೇಬ್ರು ಬತ್ತಾವ್ರೆ ಅಂದ್ರು ಕಣ್ಲಾ. ಇಂಜಿನ್ ಮೊಕಕ್ಕೆ ಸುಣ್ಣ ಬಳ್ಕಂಡು ಅವ್ರ್ ಮುಂದೆ ಎಂಗ್ ನಿಂತ್ಕಳ್ಳಿ?"

"ಎಲ್ಲಿ ಅಳಿಸಿತ್ತು ಭಾವ? ಅದಾದ್ರೂ ನೋಡಿದ್ಯಾ?"

"ನೋಡ್ಲಿಲ್ಲ. ಒರೆಸ್ಬುಟ್ಟೆ."

ಮರುದಿನದಿಂದ ಭಾವ ಕೆಳಗೆ ಇಳಿದ.

ಹೊಸ ಡ್ರೈವರನ ಕೈಯಲ್ಲೂ ಕೇಜು ಎಗರಿತು. ನಾನು ಮತ್ತೆ ಸುಣ್ಣ ಬಳಿದಿದ್ದೆ, ಈ ಸಲ ಅದನ್ನು ಒರೆಸಲು ಬಿಡಲಿಲ್ಲ. ಎಡಗಡೆಯ ಬ್ರೇಕಿನ ಕಂಬದ ಮೇಲೆ ಅಂಗೈಯಗಲ ಅಳಿಸಿತ್ತು. ಬೇರಿಂಗ್ ಸವೆದು, ಭಾರಕ್ಕೆ ಡ್ರಮ್ಮು ಪಕ್ಕಕ್ಕೆ ಸರಿದು ಕಂಬಕ್ಕೆ ಉಜ್ಜುತ್ತಿತ್ತು. ಬೇರಿಂಗ್ ಬದಲಾಯಿಸಿದೆವು, ಎಗರುವುದು ನಿಂತಿತು. ಭಾವನನ್ನು ಮೇಲೆ ಕರೆಸಿ ಎಂದು ಫೋರ್‌ಮನ್ನರನ್ನು ಕೇಳಿದೆ. ಜಾಗ ತುಂಬಿದೆ ಎಂದರು.

ಕೆಲವು ವರ್ಷಗಳ ಮೇಲೆ, ಭಾವನನ್ನು ಊರಿಗೆ ಬಿಟ್ಟು ಬರಲು ಹೊರಟು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಊರಿನ ರೈಲಿಗೆ ಕಾಯುತ್ತ ಕೂತಿದ್ದೆವು. ಗಣಿ ಕಡೆಯಿಂದ ಬಂದ ರೈಲಿನಿಂದ ಅವನನ್ನು ನಾನೂ ಅಕ್ಕನೂ ಹಿಡಿದು ಇಳಿಸಿದ್ದೆವು. ಕೆಮ್ಮು ನಿಂತ ಮೇಲೆ ಕೇಳಿದ:

"ನನ್ ಜಾಗಕ್ ಬಂದವ್ನು ಇಂಜಿನ್ನ ನೆಟ್ಟಗೆ ಒರೆಸ್ತಾನೇನ್ಲಾ?"

"ನಿನ್ನಷ್ಟಿಲ್ಲ ಭಾವ" ಅಂದೆ. ಅಕ್ಕ ಮುಖ ಆಚೆ ತಿರುಗಿಸಿದಳು.