ಒಗ್ಗರಣೆ ಇಲ್ಲದ ಬೀದಿ ಊಟ

ಬೆಳಗಿನ ಐದೂಮುಕ್ಕಾಲು. ಚರ್ಚಿನ ಮುಂದಿನ ಬೀದಿಯಲ್ಲಿ ಒಲೆ ಹೂಡಿ, ದೊಡ್ಡ ಹಂಡೆಯಲ್ಲಿ ಕಾಳು ಬೇಯಿಸುತ್ತಾ ನಿಂತಿದ್ದಾರೆ ಅಂತೋಣಮ್ಮ. ಕೈಯಲ್ಲಿ ಸೌಟು, ಕಣ್ಣು ಮಾತ್ರ ಎದುರು ಸಾಲಿನ ಮುಚ್ಚಿದ ಬಾಗಿಲುಗಳ ಮೇಲೆ. "ಬತ್ತಾರೋ ಇಲ್ವೋ, ಎದೆ ಡವಡವ ಅಂತಾದೆ ಕಣವ್ವ" ಎನ್ನುತ್ತಾರೆ ನನ್ನತ್ತ ತಿರುಗದೆ. ಅವರ ದಿಗಿಲು ನನಗೂ ಅಂಟಿದೆ. ಕೊಟ್ಟ ಕಾಫಿ ಪಕ್ಕಕ್ಕಿಟ್ಟು ನಾನೂ ಆ ಬಾಗಿಲುಗಳನ್ನೇ ನೋಡುತ್ತೇನೆ.

ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ನಾಲೆ ದಾಟಿದರೆ ಸಿಗುವ ಊರಿದು. ಬೀದಿಯ ಒಂದು ಮಗ್ಗುಲಿಗೆ ಹದಿನಾರು ಕ್ರೈಸ್ತರ ಮನೆ, ಇನ್ನೊಂದಕ್ಕೆ ಎಪ್ಪತ್ತೊಂದು ಒಕ್ಕಲು ಮನೆ. ಈಸ್ಟರ್ ಕಳೆದ ಮೂರನೇ ಭಾನುವಾರ ಚರ್ಚಿನ ವತಿಯಿಂದ ಇಡೀ ಬೀದಿಗೆ ಊಟ. ಫ್ಲೆಕ್ಸಿನಲ್ಲಿ ಹನ್ನೊಂದು ಜನರ ಹೆಸರು, ಫೋಟೋ ಇವೆ. ಆರು ವರ್ಷದಿಂದ ಇದನ್ನು ಹೊತ್ತು ನಡೆಸುತ್ತಿರುವ ಅಂತೋಣಮ್ಮನ ಹೆಸರಿಗೆ ಮಾತ್ರ ಜಾಗ ಸಾಲದೆ ಹೋಗಿದೆ!

ಐವತ್ತೆಂಟರ ಅಂತೋಣಮ್ಮನಿಗೆ ಬೆಳಿಗ್ಗೆ ಚರ್ಚಿನ ಕಸ, ಆಮೇಲೆ ಗದ್ದೆ ಕೂಲಿ. ಊಟದ ತಿಂಗಳಲ್ಲಿ ಸಂಜೆ ಕರೆಯಲು ಮನೆ ಮನೆ ತಿರುಗುತ್ತಾರೆ. ಎಂಬತ್ತೇಳು ಮನೆ, ಒಂದೊಂದಕ್ಕೂ ಮೂರು ಸಲ. ಕೊನೆಯ ಸಲ ಹೋದಾಗ ಕೇಳಿ ಒಂದು ಪಾತ್ರೆ ತರುತ್ತಾರೆ. "ಅವ್ರ್ ಪಾತ್ರೆ ನಮ್ತಾವ್ ಇದ್ರೆ, ತಕ್ಕೊಂಡೋಗೋಕಾದ್ರೂ ಬತ್ತಾರಲ್ಲ!" ಎಂದು ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಏಳು ವರ್ಷದ ಹಿಂದೆ ಗಾರೆ ಕೆಲಸದ ಗಂಡ ಸವರಪ್ಪ ತೀರಿಕೊಂಡಾಗ ಎದುರು ಸಾಲಿನವರು ಬಂದು ಗೇಟಿನಾಚೆಯೇ ನಿಂತರು. ಒಳಗೆ ಹೋಗಬಹುದೋ ಬಾರದೋ ಯಾರಿಗೂ ಗೊತ್ತಿರಲಿಲ್ಲ. "ಅವ್ರುದ್ ತಪ್ಪಲ್ಲ. ನಾವೇ ಒಂದ್ ದಿನಾನೂ ಕರ್ದಿರ್ನಿಲ್ಲ." ಮರುವರ್ಷವೇ ಪಾದ್ರಿಗಳನ್ನು ಕಾಡಿ ಬೇಡಿ ಊಟ ಶುರುಮಾಡಿದರು. ಅನ್ನದ ನೆಪದಲ್ಲಿ ಮತ ಬದಲಾಯಿಸುತ್ತಾರೆಂಬ ಗುಸುಗುಸು ಹುಟ್ಟಿತು. "ಅದ್ಕೇ ಪ್ರಾರ್ಥ್ನೇನೂ ಮೈಕಲ್ಲಿ ಏಳ್ಸಾಕಿಲ್ಲ. ಊಟ ಅಂದ್ರೆ ಊಟ."

ಇಂದಿನ ದಿಗಿಲಿಗೆ ಕಾರಣ ಅವರದೇ ತಪ್ಪು. ಚರ್ಚಿನ ಕ್ಯಾಲೆಂಡರ್ ನೋಡಿ ದಿನ ಇಟ್ಟರು, ಊರ ಯಜಮಾನ ಮುದ್ದಯ್ಯನವರನ್ನು ಕೇಳಲಿಲ್ಲ. ನಿನ್ನೆ ಸಂಜೆ ಮಾರಿಹಬ್ಬಕ್ಕೆ ತಮಟೆ ಹೊಡೆದು ಸಾರಿದ್ದಾರೆ. ಇನ್ನು ಹಬ್ಬ ಮುಗಿಯುವವರೆಗೆ ಊರಲ್ಲಿ ಯಾರೂ ಮಾಂಸ ಬೇಯಿಸುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಇಲ್ಲಿ ನೋಡಿದರೆ ಕೋಳಿ ಪಲಾವಿಗೆ ಎರಡು ಮೂಟೆ ಈರುಳ್ಳಿ ಹೆಚ್ಚಿಟ್ಟಾಗಿದೆ.

"ಚರ್ಚ್ ಕಾಂಪೌಂಡ್ ಒಳ್ಗೆ ನಾವೇನಾರ ಬೇಯ್ಸ್ಕೋತೀವಿ, ಕೇಳೋರ್ಯಾರು?" ಎಂದು ಚರ್ಚ್ ಸಮಿತಿಯ ಅರುಳಪ್ಪ ರೇಗಿದ್ದಾರೆ. ಅಂತೋಣಮ್ಮ ಜಗ್ಗಲಿಲ್ಲ. ಕೋಳಿ ಬೇಡವೆಂದು ಅಂಗಡಿಗೆ ಹೇಳಿ ಕಳಿಸಿ, ರಾಗಿ ಹಿಟ್ಟು ತರಿಸಿ, ಮುದ್ದೆ ಉಪ್ಸಾರಿಗೆ ಇಳಿದಿದ್ದಾರೆ. ಕಾಳು ಸೊಪ್ಪು ಬೆಂದ ನೀರಿಗೆ ಉಪ್ಪು, ಪಕ್ಕಕ್ಕೆ ಅರೆದ ಖಾರ. ಎಣ್ಣೆಯ ಹನಿಯೂ ಇಲ್ಲ. "ಇವತ್ತು ಬರ್ದಿದ್ರೆ ಮುಂದ್ಕೆ ಯಾವತ್ತೂ ಬರಾಕಿಲ್ಲ ಕಣವ್ವ" ಎನ್ನುತ್ತಾ ಹಂಡೆಗೆ ಸೊಪ್ಪು ಹಾಕುತ್ತಾರೆ.

ಹನ್ನೆರಡೂವರೆ. ಶಾಮಿಯಾನದಡಿ ಹಾಸಿದ ಜಮಖಾನೆಯ ಮೇಲೆ ಚರ್ಚಿನ ಮನೆಯವರಷ್ಟೇ. ಅರುಳಪ್ಪ ಗಡಿಯಾರ ನೋಡುತ್ತಾರೆ. ಅಂತೋಣಮ್ಮ ನೀರನ್ನೂ ಕುಡಿದಿಲ್ಲ.

ಒಂದು ಗಂಟೆಗೆ ಮುದ್ದಯ್ಯ ಬರುತ್ತಾರೆ. ಆರು ವರ್ಷದಲ್ಲಿ ಒಮ್ಮೆಯೂ ಇಲ್ಲಿ ಎಲೆಯ ಮುಂದೆ ಕೂತವರಲ್ಲ. ನೇರ ಒಲೆಯ ಹತ್ತಿರ ಬಂದು ನಿಲ್ಲುತ್ತಾರೆ.

"ತಪ್ಪಾಯ್ತು ಕಣಣ್ಣ. ನಿಮ್ಮನ್ನ ಒಂದ್ ಮಾತು ಕೇಳ್ದೆ ದಿನ ಇಕ್ಬುಟ್ಟೆ" ಎನ್ನುತ್ತಾರೆ ಅಂತೋಣಮ್ಮ, ಸೌಟು ಕೆಳಗಿಟ್ಟು.

"ಬೆಳಗಿಂದ ಜಗಲಿ ಮ್ಯಾಲೇ ಕುಂತಿವ್ನಿ, ಒಗ್ಗರಣೆ ಗಮ್ಲು ಬತ್ತದಾ ಅಂತ. ಬರ್ನಿಲ್ಲ. ಅದ್ಕೇ ಬಂದೆ. ಇಕ್ಕವ್ವ, ಒಟ್ಟೆ ಅಸೀತಾದೆ."

ಅವರು ಕೂತದ್ದನ್ನು ಕಂಡು ಹೆಂಡತಿ ಸಿದ್ದಲಿಂಗಮ್ಮ ಬರುತ್ತಾರೆ, ಹಿಂದೆಯೇ ಅಕ್ಕಪಕ್ಕದವರು. ಕೊನೆಗೆ ಎದುರು ಸಾಲಿನ ನಲವತ್ತಮೂರು ಮನೆಯವರು ಉಂಡರು ಎಂಬುದು ನನ್ನ ಲೆಕ್ಕ. ಅಂತೋಣಮ್ಮನ ಲೆಕ್ಕವೇ ಬೇರೆ. ಬಾರದ ಇಪ್ಪತ್ತೆಂಟು ಮನೆಗಳ ಹೆಸರನ್ನು ಬೆರಳು ಮಡಚಿ ಹೇಳುತ್ತಾ ಮತ್ತೆ ಕಂಗಾಲಾಗುತ್ತಾರೆ.

ಈಗಲಾದರೂ ಸಮಾಧಾನವೇ ಎಂದು ಕೇಳುತ್ತೇನೆ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಬರೋ ವರ್ಸ ಮುದ್ದಯ್ಯಣ್ಣನ್ನ ಕೇಳೇ ದಿನ ಇಕ್ತೀನಿ. ಅವ್ರೂ ತಮಟೆ ಒಡ್ಸೋಕ್ ಮುಂಚೆ ನಮ್ತಾವ್ ಬಂದು ಒಂದ್ ಮಾತು ಏಳ್ಲಿ ಕಣವ್ವ. ನಾವೂ ಈ ಬೀದಿಯೋರೇ ಅಲ್ವಾ?"