ಕುಳಗೇರಿ ಕ್ರಾಸಿನ ದೋಣಿ

ನನಗೆ ಸಿಟ್ಟೇ ಬರುವುದಿಲ್ಲವೆಂದು ನಮ್ಮ ಮನೆತನದವರೆಲ್ಲ ನಂಬಿದ್ದರು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು, ದನಿ ಎತ್ತಿ ಮಾತಾಡುವುದಿಲ್ಲ, ಪಾತ್ರೆ ಸಪ್ಪಳ ಮಾಡುವುದಿಲ್ಲ ಎಂದು ಬಂದವರೆದುರು ಹೇಳುತ್ತಿದ್ದರು. ಸಿಟ್ಟು ಬರುತ್ತಿತ್ತು. ಎಂಬತ್ತರ ದಶಕದ ಶುರುವಿನ ಒಂದು ಬೇಸಿಗೆಯಲ್ಲಿ ಬಂದದ್ದು ಇನ್ನೂ ಪೂರ್ತಿ ಇಳಿದಿಲ್ಲ.

ನಮ್ಮೂರು ಘಟಪ್ರಭೆಯ ಆಚೆ ದಂಡೆಗೆ, ಮಕ್ಕಳ ಶಾಲೆ ಈಚೆ ಕಲಾದಗಿಯಲ್ಲಿ. ಆಗ ನಮ್ಮೂರಿಗೆ ಸೇತುವೆ ಇರಲಿಲ್ಲ. ಬೇಸಿಗೆಯಲ್ಲಿ ನಡೆದು ದಾಟುತ್ತಿದ್ದರು, ಮಳೆಗಾಲದಲ್ಲಿ ಹರಗೋಲು. ಅದು ಗಿರ್ರನೆ ತಿರುಗುತ್ತ ಸಾಗುವಾಗ ನನ್ನ ಮಗಳು ತಮ್ಮನ ಅಂಗಿಯ ಕಾಲರು ಹಿಡಿದು ಕೂತಿರುತ್ತಿದ್ದಳು. ದಂಡೆಯಲ್ಲಿ ನಿಂತ ನನ್ನ ಕಣ್ಣೆಲ್ಲ ಆ ಪುಟ್ಟ ಮುಷ್ಟಿಯ ಮೇಲೆ. ಹಾಗಾಗಿ, ಒಂದು ಒಳ್ಳೆಯ ದೋಣಿ ಬೇಕೆಂದು ಮೊದಲು ಹೇಳಿದವಳು ನಾನೇ.

ಕುಳಗೇರಿ ಕ್ರಾಸಿನ ಲಾರಿ ಗ್ಯಾರೇಜಿನಲ್ಲಿ ಮೋಟಾರು ದೋಣಿಯೊಂದು ಮಾರಾಟಕ್ಕಿದೆಯೆಂಬ ಸುದ್ದಿಯನ್ನು ನಮ್ಮ ಮನೆಯವರು ತಂದರು. ಹಿಂದೆ ಹಗ್ಗ ಕಟ್ಟಿ, ಕಾಲಿಗೆ ಉದ್ದ ಹಲಗೆ ತೊಟ್ಟವರನ್ನು ನೀರಿನ ಮೇಲೆ ಎಳೆದೊಯ್ಯುವ ಆಟದ ದೋಣಿ. ಕಾನ್ವೆಂಟಿನ ಲೈಬ್ರರಿಯಲ್ಲಿ ಅಂಥದ್ದರ ಚಿತ್ರ ನೋಡಿದ್ದೆ. ಯಾರೋ ಗುತ್ತಿಗೆದಾರರು ಶೋಕಿಗೆಂದು ಗೋವೆಯಿಂದ ತರಿಸಿ, ಬಂಡೆಗೆ ಗುದ್ದಿಸಿ, ಬೇಸರವಾಗಿ ಗ್ಯಾರೇಜಿನವನಿಗೆ ಮಾರಿದ್ದರಂತೆ.

“ಕಾಗದಪತ್ರ ಎಲ್ಲಾ ಇಂಗ್ಲಿಷಿನ್ಯಾಗ ಅದಾವ. ನೀನೂ ಬಾ, ಓದಿ ಹೇಳಿಯಂತ,” ಅಂದರು.

ಆದರೆ ದೋಣಿಯನ್ನು ಪರೀಕ್ಷೆ ಮಾಡಲು ಅವರು ಕರೆದುಕೊಂಡದ್ದು ಹೊಳೆಯಲ್ಲಿ ಹುಟ್ಟು ಹಾಕುತ್ತಲೇ ಮುದುಕನಾದ ನಮ್ಮ ಅಂಬಿಗನನ್ನಲ್ಲ, ಊರಿನ ಎತ್ತಿನ ದಲಾಲಿ ಕಾಕಾನನ್ನು. ಯಾಕೆಂದು ಕೇಳಿದೆ.

“ಅಂಬಿಗಗ ವ್ಯಾಪಾರ ಏನ್ ತಿಳೀತೈತಿ? ಕಾಕಾ ಕೈ ಹಾಕಿದ್ರ ಎಂಥಾ ಮಾಲೂ ಅರ್ಧಕ್ಕ ಬರ್ತೈತಿ.”

ಜೀಪಿನ ಹಿಂದಿನ ಸೀಟಿನಲ್ಲಿ ರೊಟ್ಟಿ ಗಂಟನ್ನು ಮೊಣಕಾಲ ನಡುವೆ ಹಿಡಿದು ಕೂತೆ. ಬಾದಾಮಿ ದಾಟುವವರೆಗೂ ಮುಂದಿನವರಿಬ್ಬರೂ ಎತ್ತುಗಳ ಮಾತೇ ಆಡಿದರು.

ದೋಣಿಯನ್ನು ಹಳೆಯ ಟೈರುಗಳ ಮೇಲೆ ಇಟ್ಟಿದ್ದರು. ಮೂತಿಯ ಹತ್ತಿರ ಮೊಳದುದ್ದ ಸೀಳು, ಅದಕ್ಕೆ ಬಿಳಿ ಪುಟ್ಟಿ ಮೆತ್ತಿತ್ತು. ಕಾಕಾ ದೋಣಿಯ ಪಕ್ಕೆಗೆ ಅಂಗೈಯಿಂದ ಎರಡು ಪೆಟ್ಟು ಹಾಕಿದರು, ಬಗ್ಗಿ ಹೊಟ್ಟೆಯ ಕೆಳಗೆ ನೋಡಿದರು, ಸುತ್ತ ಒಂದು ಸಲ ನಡೆದರು.

“ಮುಂಗಾಲಿಗೆ ಒಂದೀಟು ಪೆಟ್ಟಾಗೈತಿ. ಉಳಿದ ಮೈ ಗಟ್ಟಿ ಐತಿ.”

ಎಲ್ಲರೂ ಆ ಸೀಳಿನ ಸುತ್ತಲೇ ನಿಂತರು. ನಾನು ಕಾಗದ ಓದಿದೆ. ಇಂಜಿನ್ನಿನ ನಂಬರು, ತಯಾರಾದ ವರ್ಷ, ಇನ್ನೇನೂ ಇರಲಿಲ್ಲ. “ಆತಲ್ಲ, ನೀ ನೆರಳಿಗೆ ಕುಂದ್ರು,” ಅಂದರು ನಮ್ಮ ಮನೆಯವರು. ಎರಡು ನಿಮಿಷದಲ್ಲಿ ನನ್ನ ಕೆಲಸ ಮುಗಿದಿತ್ತು.

ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರು ನಮ್ಮ ಕಸೂತಿಯನ್ನು ಮುಂದಿನಿಂದ ನೋಡುತ್ತಲೇ ಇರಲಿಲ್ಲ, ಬಟ್ಟೆ ಮಗುಚಿ ಗಂಟು ಹುಡುಕುತ್ತಿದ್ದರು. ಆ ಚಾಳಿ ನನಗೂ ಅಂಟಿಕೊಂಡಿದೆ. ನೆರಳಿಗೆ ಹೋಗುವ ಬದಲು ದೋಣಿಯ ಹಿಂದಕ್ಕೆ ಹೋದೆ.

ಅಲ್ಲಿ ಅಡ್ಡಲಾಗಿ ದಪ್ಪ ಹಲಗೆ, ಅದಕ್ಕೆ ಬೋಲ್ಟು ಹಾಕಿ ಇಂಜಿನ್ನು ತೂಗುಹಾಕಿದ್ದರು. ದೋಣಿಯ ಬಣ್ಣವೆಲ್ಲ ಬಿಸಿಲಿಗೆ ಮಾಸಿದ್ದರೂ ಹಲಗೆಯ ನೀಲಿ ಮಾತ್ರ ಹೊಸದು. ಅವಸರದಲ್ಲಿ ಬಳಿದ ಬ್ರಶ್ಶಿನ ಕೂದಲು ಎರಡು ಅದರಲ್ಲೇ ಅಂಟಿಕೊಂಡಿದ್ದವು. ಅಷ್ಟರಲ್ಲಿ ಗ್ಯಾರೇಜಿನವನು ಇಂಜಿನ್ನಿನ ಕಾಲನ್ನು ನೀರು ತುಂಬಿದ ಬ್ಯಾರೆಲ್ಲಿಗೆ ಇಳಿಬಿಟ್ಟು ಶುರು ಮಾಡಿದ. ಏನು ಗರ್ಜನೆ! ಗಂಡಸರ ಮುಖಗಳು ಅರಳಿದವು. ನಾನು ನೋಡುತ್ತಿದ್ದದ್ದು ಬೋಲ್ಟುಗಳನ್ನು. ಇಂಜಿನ್ನು ನಡುಗಿದ ಹಾಗೆಲ್ಲ ಅವುಗಳ ಬುಡದಿಂದ ಚಹದ ಬಣ್ಣದ ನೀರು ಹನಿಯುತ್ತಿತ್ತು. ನಾಲ್ಕು ತಿಂಗಳಿಂದ ಬಿಸಿಲಿನಲ್ಲೇ ಬಿದ್ದಿರುವ ದೋಣಿಯೆಂದು ಅವನೇ ಹೇಳಿದ್ದ.

ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಹಲಗೆಗೆ ಚುಚ್ಚಿದೆ. ಬಿಸಿ ಕಡುಬಿಗೆ ಚುಚ್ಚಿದ ಹಾಗೆ ತಲೆಯವರೆಗೂ ಹೋಯಿತು.

ಇಂಜಿನ್ನು ನಿಂತ ಮೇಲೆ ಹೇಳಿದೆ: “ಹಿಂದಿನ ಹಲಗಿ ಒಳಗ ಕೊಳತೈತ್ರಿ. ಪಿನ್ನು ಕಡಬಿನ್ಯಾಗ ಹೋದಂಗ ಹೋತು. ನಡುಹೊಳ್ಯಾಗ ಇದು ಕಿತ್ತರ ಇಂಜಿನ್ನೂ ನೀರಿಗೆ, ಮಕ್ಕಳೂ ನೀರಿಗೆ.”

“ಅಕ್ಕಾರ, ದೋಣಿ ಅಂದಮ್ಯಾಲ ಹಸಿ ಇರೂದ,” ಅಂದ ಗ್ಯಾರೇಜಿನವನು.

“ತಂಗೆವ್ವಾ, ಎತ್ತಿಗೂ ಪಿನ್ನು ಚುಚ್ಚಿ ತಗೊಂತಾರೇನು?” ಅಂದರು ಕಾಕಾ.

ಎಲ್ಲರೂ ನಕ್ಕರು. ನಮ್ಮ ಮನೆಯವರ ನಗೆ ಎಲ್ಲರಿಗಿಂತ ದೊಡ್ಡದಿತ್ತು. ಹಲಗೆಯ ಹತ್ತಿರ ಬಂದು ನೋಡಲಿಲ್ಲ ಅವರು. ನಾಲ್ಕು ಹೆಜ್ಜೆ ಅಷ್ಟೆ. “ನೀ ರೊಟ್ಟಿ ಗಂಟು ಬಿಚ್ಚು, ಹಸಿವ್ಯಾಗೈತಿ.”

ಬಿಚ್ಚಿದೆ. ಒಬ್ಬೊಬ್ಬರ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿದೆ. ಓದುವುದಕ್ಕೆ ಬೇಕಾದ ಕಣ್ಣು ನೋಡುವುದಕ್ಕೆ ಬೇಡವೇ? ಆ ದೋಣಿಯಲ್ಲಿ ದಿನಾ ಕೂರಬೇಕಾದವರು ಕಾಕಾನ ಮಕ್ಕಳಲ್ಲ.

ಊಟವಾದ ಮೇಲೆ ವ್ಯಾಪಾರಕ್ಕೆ ಕೂತರು. ಎತ್ತಿನ ಸಂತೆಯ ರೀತಿಯೇ ರೀತಿ. ಬಾಯಲ್ಲಿ ಬೆಲೆ ಹೇಳುವುದಿಲ್ಲ, ದಲಾಲಿಯೂ ಮಾರುವವನೂ ಕೈ ಕೈ ಹಿಡಿದು ಮೇಲೆ ಟವೆಲ್ಲು ಹೊದಿಸಿ, ಬೆರಳು ಒತ್ತಿ ಮಾತು ಮುಗಿಸುತ್ತಾರೆ. ಅವರೇ ಟವೆಲ್ಲು ಸರಿಸುವವರೆಗೆ ಬೇರೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಕಾಕಾನ ಕೆಂಪಂಚಿನ ಟವೆಲ್ಲು ಒಮ್ಮೆ ಉಬ್ಬಿತು, ಒಮ್ಮೆ ಇಳಿಯಿತು. ನಮ್ಮ ಮನೆಯವರು ಕಾಕಾನ ಮುಖವನ್ನೇ ನೋಡುತ್ತಿದ್ದರು. ಕಾಕಾ ಹೂಂ ಅನ್ನುವ ಹಾಗೆ ಕಣ್ಣು ಮುಚ್ಚಿದರು.

ನಾನು ಎದ್ದು ಹೋಗಿ, ಚಟ್ನಿ ಮೆತ್ತಿದ ಕೈಯಿಂದಲೇ ಆ ಟವೆಲ್ಲನ್ನು ಎಳೆದೆ.

ಗ್ಯಾರೇಜಿನವನ ನಾಲ್ಕು ಬೆರಳು ಕಾಕಾನ ಹಿಡಿಯಲ್ಲಿದ್ದವು. ಸುತ್ತ ನಿಂತ ಕ್ಲೀನರು, ಡ್ರೈವರು ಎಲ್ಲರೂ ಆ ಗುಟ್ಟಿನ ಬೆಲೆ ನೋಡಿದರು. ಗ್ಯಾರೇಜಿನವನು ಸುಟ್ಟುಕೊಂಡವರ ಹಾಗೆ ಕೈ ಹಿಂದೆಗೆದುಕೊಂಡ.

“ಹೆಣ್ಮಕ್ಕಳು ಬಂದು ಟವೆಲ್ ಎಳಿಯೂ ವ್ಯಾಪಾರ ನಾ ಮಾಡಂಗಿಲ್ರಿ. ಹೊಂಡ್ರಿ.”

“ನನ್ನ ಮಕ್ಕಳನ್ನ ಇದರಾಗ ನಾ ಕುಂದರ್ಸಂಗಿಲ್ಲ,” ಅಂದೆ. ಆಗಲೂ ದನಿ ಎತ್ತಲಿಲ್ಲ. ಟವೆಲ್ಲನ್ನು ಮಡಚಿ ಕಾಕಾನ ಮುಂದಿಟ್ಟೆ.

ಮನೆಯಲ್ಲಿ ಹದಿನೈದು ದಿನ ನಮ್ಮ ಮನೆಯವರು ತಾಟಿನ ಜೊತೆ ಮಾತ್ರ ಮಾತಾಡಿದರು: “ಉಪ್ಪು ಕಮ್ಮಿ.” ಮಳೆಗಾಲ ಬಂತು, ಮತ್ತೆ ಹರಗೋಲು, ಮತ್ತೆ ಆ ಮುಷ್ಟಿ. ಹೊಳೆ ತುಂಬಿದ ದಿನ ಮಕ್ಕಳು ಮನೆಯಲ್ಲೇ ಉಳಿದರೆ, “ಯಾರಿಂದ ಆತು ಇದು?” ಎಂದು ನನಗೆ ಕೇಳುವ ಹಾಗೆ ಗೋಡೆಗೆ ಹೇಳುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಹಳೇ ಬಾಗಲಕೋಟೆಯ ವ್ಯಾಪಾರಿಯೊಬ್ಬರು ಮನೆಗೆ ಬಂದರು. ಅದೇ ದೋಣಿಯನ್ನು ಕೊಳ್ಳಬೇಕೆಂದಿದ್ದರು. “ನೀವು ನೋಡಿ ಬಿಟ್ರಂತ. ಯಾಕ ಬಿಟ್ರಿ?” ಎಂದು ಕೇಳಿದ್ದು ಅಡುಗೆಮನೆಗೆ ಕೇಳಿಸಿತು.

ಚಹ ತೆಗೆದುಕೊಂಡು ಹೋದಾಗ ನಮ್ಮ ಮನೆಯವರು ಲೋಡಿಗೆ ಒರಗಿ ಹೇಳುತ್ತಿದ್ದರು: “ಎಲ್ಲಾರೂ ಮುಂದಿನ ಸೀಳ ನೋಡಾಕತ್ತಿದ್ರು. ನಾ ಹಿಂದ ಹೋದೆ. ನನಗ್ಯಾಕೋ ಸಂಶೆ ಬಂತು. ಪಿನ್ನು ತಗೊಂಡು ಚುಚ್ಚಿದೆ ನೋಡ್ರಿ, ಕಡಬಿನ್ಯಾಗ ಹೋದಂಗ ಹೋತು. ಮಕ್ಕಳ ಜೀವದ ಪ್ರಶ್ನಿ, ಬ್ಯಾಡಂದೆ.”

ನನ್ನ ಕಡುಬು ಕೂಡ ಅವರದಾಗಿತ್ತು.

ಕಪ್ಪುಗಳನ್ನು ಇಳಿಸಿದೆ. ಕಪ್ಪಿನಡಿಯ ಬಸಿಗೆ ಒಂದಿಷ್ಟೂ ಚೆಲ್ಲಲಿಲ್ಲ.

“ಪಿನ್ನು ಎಲ್ಲಿಂದ ತಗೊಂಡಿದ್ರಿ?” ಎಂದು ಕೇಳಿದೆ.

ಬಂದವರು ಮೊದಲು ನಮ್ಮ ಮನೆಯವರ ಅಂಗಿ ನೋಡಿದರು, ಆಮೇಲೆ ನನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನು ನೋಡಿದರು. ತುಟಿ ಬಿಗಿಹಿಡಿದು ಚಹದ ಕಡೆ ಬಗ್ಗಿದರು.

“ಚಾ ಆರತೈತಿ, ತಗೋರಿ,” ಅಂದರು ನಮ್ಮ ಮನೆಯವರು. ನನ್ನ ಕಡೆ ನೋಡದೆಯೇ, ಒಳಗೆ ಹೋಗು ಎಂದು ಕೈಸನ್ನೆ ಮಾಡಿದರು.

ನಾನು ಟ್ರೇ ಹಿಡಿದುಕೊಂಡು ಅಲ್ಲೇ ನಿಂತೆ, ಉತ್ತರ ಬರಲಿ ಎಂದು.