ವಾಮನಣ್ಣನ ಮೈಕ್

ವಾಮನಣ್ಣ ಹಾಡುವಾಗ ಮೈಕಿನ ಜಾಲರಿಯ ಮೇಲೆ ಎಲೆಅಡಿಕೆಯ ಕೆಂಪು ಹನಿ ಸಿಡಿಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೋ, ಇಲ್ಲ ನಮ್ಮ ರಸಮಂಜರಿ ತಂಡದ ಯಜಮಾನ ದಿವಾಕರ ಅದನ್ನು ಮತ್ತೆ ಮತ್ತೆ ವರ್ಣಿಸಿದ್ದರಿಂದ ಕಂಡಂತೆ ಅನಿಸುತ್ತಿದೆಯೋ, ಈಗ ಹೇಳಲಾರೆ. ಬಣ್ಣ ಅವನು ಹಚ್ಚಿದ್ದಿರಬಹುದು. ವಾಸನೆ ಮಾತ್ರ ನನ್ನದೇ ನೆನಪು. ಒಮ್ಮೆ ಶಿರ್ವದ ಮದುವೆಯಲ್ಲಿ ಆ ಮೈಕ್ ಹಿಡಿದು ವಧೂವರರ ಹೆಸರು ಹೇಳಬೇಕಾಗಿ ಬಂತು. ಸುಣ್ಣ, ಹೊಗೆಸೊಪ್ಪು, ಒಣಗಿದ ಎಂಜಲು, ಅದರ ಮೇಲೆ ಯಾರೋ ಪೂಸಿದ ಸೆಂಟು. ಉಸಿರು ಬಿಗಿಹಿಡಿದು ಹೇಳಿ ಮುಗಿಸಿದೆ. ಆ ದಿನ ಊಟ ಸೇರಲಿಲ್ಲ.

ವಾಮನಣ್ಣ ಕಾಪುವಿನವರು, ಮೀನುಗಾರರ ಮನೆಯವರು. ಬೋಟು ಹತ್ತಿದರೆ ವಾಂತಿ ಬರುತ್ತಿದ್ದುದರಿಂದ ಕಡಲಿಗೆ ಹೋಗದೆ ಬ್ಯಾಂಡ್ ಸೆಟ್ಟಿನವರ ಹಿಂದೆ ಹೋಗಿ ಡ್ರಮ್ ಕಲಿತವರು. ಅಂಗಿಯ ಮೇಲಿನ ಮೂರು ಗುಂಡಿ ಸದಾ ತೆರೆದೇ ಇರುತ್ತಿದ್ದವು. ಕೂರುವ ಸ್ಟೂಲಿನ ಅಡಿಯಲ್ಲಿ ಒಂದು ಡಬ್ಬಿ. ಎರಡು ಹಾಡುಗಳ ನಡುವೆ ಬಗ್ಗಿ ಅದಕ್ಕೆ ಉಗುಳುತ್ತಿದ್ದರು. ಮುಂದಿನ ಸಾಲಿನ ಹೆಂಗಸರು ಮುಖ ತಿರುಗಿಸುತ್ತಿದ್ದರು. ವಾಮನಣ್ಣನಿಗೆ ಅದರ ಪರಿವೆಯೇ ಇರಲಿಲ್ಲ.

ನಾನಾಗ ಮಣಿಪಾಲದಲ್ಲಿ ಸಂಶೋಧನೆ ಮಾಡುತ್ತ, ರಜೆಯ ದಿನ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಪಿಎಚ್‌ಡಿ ಎಂದು ತಿಳಿದಂದಿನಿಂದ ನಾನು ಅವರ ಬಾಯಲ್ಲಿ ಡಾಕ್ಟ್ರು. "ಡಾಕ್ಟ್ರೇ, ನಿಮ್ಮ ಮದ್ದು ಯಾವ ರೋಗಕ್ಕೆ? ನನ್ನ ಭುಜಕ್ಕೆ ಆಗ್ತದಾ?" ಎನ್ನುತ್ತಿದ್ದರು. ನನ್ನ ವಾದನದ ಬಗ್ಗೆ ಅವರ ತೀರ್ಪು: "ಫ್ರಿಜ್ಜಿನ ಹಾಗೆ ಮಾರಾಯ. ಸದ್ದು ಉಂಟು, ಜೀವ ಇಲ್ಲ."

ಭುಜದ ಮಾತು ತಮಾಷೆಯಾಗಿರಲಿಲ್ಲ. ಬಲಗೈ ಮೇಲೆತ್ತಿದರೆ ನೋವು. ದಿವಾಕರ ಅಷ್ಟರಲ್ಲಿ ತಾಳಗಳನ್ನು ಮೊದಲೇ ತುಂಬಿಸಿಟ್ಟ ಪ್ಯಾಡ್ ಯಂತ್ರವೊಂದನ್ನು ನೋಡಿಟ್ಟಿದ್ದ. ವಾಮನಣ್ಣನಿಗೆ ಉಳಿದದ್ದು ಸ್ವರ ಒಂದೇ. ಅದು ಒರಟಾದರೂ ಶ್ರುತಿ ಬಿಡುತ್ತಿರಲಿಲ್ಲ. ಡ್ರಮ್ ಬಾರಿಸುತ್ತಲೇ ಒಂದೆರಡು ಹಾಡು ಹಾಡುವುದು ಅವರಿಗೆ ರೂಢಿ. ದಿವಾಕರ ನಮ್ಮೆಲ್ಲರ ಎದುರು ಹೇಳಿದ: "ಬಾರಿಸುತ್ತ ಹಾಡುವವನಾಗಿ ಇರ್ತೀಯಾದರೆ ಇರು, ಇಲ್ಲದಿದ್ದರೆ ಯಂತ್ರ ತರ್ತೇನೆ. ಆದರೆ ಡ್ರಮ್ಮಿನ ಸದ್ದನ್ನು ಮೀರಿ ನಿನ್ನ ಸ್ವರ ಇಡೀ ಮದುವೆ ಹಾಲಿಗೆ ಕೇಳ್ಬೇಕು. ಮತ್ತೆ ನಿನ್ನ ಎಂಜಲಿನ ಮೈಕ್ ನಮಗೆ ಬೇಡ, ಹೊಸತು ನಿನ್ನದೇ ತಾ. ಕಾರ್ಕಳದ ಮದುವೆಯಲ್ಲಿ ನೋಡುವ."

ದಿವಾಕರನೇ ತಂಡದ ಮುಖ್ಯ ಗಾಯಕ. ಮಿಣುಗುವ ಕೋಟು ಹಾಕಿ, ಕಷ್ಟದ ಸಾಲು ಬಂದಾಗ ಮೈಕನ್ನು ಜನರ ಕಡೆ ಚಾಚಿ ಅವರಿಂದಲೇ ಹಾಡಿಸುವವನು. ಎಲ್ಲರ ಮೈಕಿನ ವಯರೂ ಸೇರಿ ಸ್ಪೀಕರಿಗೆ ಹೋಗುವ ಮಿಕ್ಸರ್ ವೇದಿಕೆಯಲ್ಲಿ ಅವನ ಕುರ್ಚಿಯ ಪಕ್ಕದಲ್ಲೇ ಇರುತ್ತಿತ್ತು.

ಹೀಗೆ ವಾಮನಣ್ಣ, ನಾನು ಇಬ್ಬರೂ ಮೈಕ್ ಹುಡುಕಲು ಹೊರಟೆವು. ಉಡುಪಿಯ ಅಂಗಡಿಯವನು ಒಂದು ಮೈಕ್ ಕೊಟ್ಟು ಹಾಡಲು ಹೇಳಿದ. ನಿಂತು ಹಾಡಿದಾಗ ಸ್ವರ ಚೆನ್ನಾಗಿಯೇ ಬಂತು. "ಇದು ನಿಂತವರ ಮೈಕ್. ನನಗೆ ಕೂತವರದ್ದು ಬೇಕು," ಎಂದು ವಾಮನಣ್ಣ ಸ್ಟೂಲ್ ಎಳೆದುಕೊಂಡು ಕೂತು, ಚೀಲದಿಂದ ಕೋಲು ತೆಗೆದು ಗಾಜಿನ ಕೌಂಟರ್ ಮೇಲೆ ಬಾರಿಸುತ್ತ ಹಾಡತೊಡಗಿದರು. ಸ್ಪೀಕರಿನಲ್ಲಿ ಹಾಡಿಗಿಂತ ಕೋಲಿನ ಟಕಟಕವೇ ಜೋರು. ಗಾಜಿನ ಮೇಲೆ ಸಣ್ಣ ಸಣ್ಣ ಹನಿ. ಅಂಗಡಿಯವನು ಬಟ್ಟೆ ತಂದು ಒರಸಿದ, ಒರಸಿದ ಬಟ್ಟೆಯನ್ನೇ ನೋಡುತ್ತ ಹೇಳಿದ: "ಹೊರಗೆ ಹೋಗಿ ಬಾರಿಸಿ ಅಣ್ಣ. ಇಲ್ಲಿ ಬೇರೆ ಗಿರಾಕಿಗಳಿಗೂ ಬಾಯಿ ಉಂಟು."

ನಾಚಿಕೆಯಿಂದ ನಾನು ಮೊದಲೇ ಹೊರಗೆ ಬಂದಿದ್ದೆ. ಅವರು ಹಿಂದೆಯೇ ಬಂದು, "ಎಂತ ಡಾಕ್ಟ್ರೇ, ಓಡಿದ್ದು? ಕಚ್ಚಿದನಾ?" ಎಂದರು.

ಮಣಿಪಾಲದ ಅಂಗಡಿಯಲ್ಲಿ ಕಿವಿಗೆ ಸಿಕ್ಕಿಸಿಕೊಳ್ಳುವ ಮೈಕ್ ಕೊಟ್ಟರು. ಕೋಲು ತಗುಲುವ ಭಯವಿಲ್ಲ, ತಲೆ ಎತ್ತ ತಿರುಗಿಸಿದರೂ ಮೈಕ್ ಬಾಯಿಯ ಬಳಿಯೇ ಇರುತ್ತದೆ ಎಂದು ನಾನು ಒಪ್ಪಿದೆ. ಅವರು ಹಾಡುವ ಮುನ್ನವೇ ಎಲೆ ಜಗಿಯುವ ಸದ್ದು ಅಂಗಡಿ ತುಂಬ ಕೇಳಿತು, ಎಮ್ಮೆ ಮೆಲುಕು ಹಾಕಿದ ಹಾಗೆ. ಗಿಟಾರ್ ತಂತಿ ಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಬಾಯಿಗೆ ಕೈ ಹಿಡಿದಳು. "ಬೇಡ," ಎಂದು ವಾಮನಣ್ಣ ಕಳಚಿ ಕೊಟ್ಟರು. "ನಾನು ಮದುಮಗಳ ಅಪ್ಪನಿಗೆ ಬೈಯುವುದೂ ಇದರಲ್ಲಿ ಹೋಗ್ತದೆ."

ಕೊನೆಗೆ ಅಲ್ಲಿಯೇ ಸಿಕ್ಕಿದ್ದು ಹಿಂದಿನಿಂದ ಬಂದ ಸದ್ದಿಗೆ ಬಹುಮಟ್ಟಿಗೆ ಕಿವುಡಾದ ಒಂದು ಸಾದಾ ವಯರಿನ ಮೈಕ್. ಎಡಗಡೆಯಿಂದ ಬಾಗುವ ಸ್ಟ್ಯಾಂಡಿಗೆ ಹಾಕಿ, ಅದರ ಬೆನ್ನನ್ನು ತಾಳದ ತಟ್ಟೆಗಳ ಕಡೆ ಇಡಬೇಕು; ಹಾಡುವವನ ತುಟಿ ಜಾಲರಿಗೆ ತಾಗುವಂತಿರಬೇಕು. ದೂರ ಹೋದಷ್ಟೂ ಡ್ರಮ್ಮಿನ ಸದ್ದು ಗೆಲ್ಲುತ್ತದೆ. ನನಗೆ ಅಸಹ್ಯವಾಗುತ್ತಿದ್ದ, ಮೈಕಿಗೆ ಮುತ್ತಿಟ್ಟಂತೆ ಹಾಡುವ ಆ ರೀತಿ ಹೊಲಸು ಅಭ್ಯಾಸವಲ್ಲ, ಡ್ರಮ್ ಬಾರಿಸುತ್ತ ಹಾಡುವವನಿಗೆ ಬೇರೆ ದಾರಿಯೇ ಇಲ್ಲ. ಇದು ಅರ್ಥವಾದ ಮೇಲೂ ನನ್ನ ಹೇಸಿಗೆ ಕಡಿಮೆಯಾಗಲಿಲ್ಲ.

ಕಾರ್ಕಳದ ಮದುವೆಗೆ ವಾಮನಣ್ಣ ಎಲೆಅಡಿಕೆ ಬಿಟ್ಟು ಬಂದಿದ್ದರು. ತುಟಿ ಬಿಳಿಚಿಕೊಂಡಿತ್ತು. ಡಬ್ಬಿ ಇರಲಿಲ್ಲ. ಅಂಗಿಯ ಗುಂಡಿಗಳು ಕುತ್ತಿಗೆಯವರೆಗೆ. "ವಾಸನೆ ಬರ್ತದಾ ನೋಡಿ," ಎಂದು ನನ್ನ ಮುಖಕ್ಕೆ ಉಸಿರು ಬಿಟ್ಟರು. ಬೆಳಿಗ್ಗೆ ಖಾಲಿ ಹಾಲಿನಲ್ಲಿ ಪರೀಕ್ಷೆ ಮಾಡಿದಾಗ ಅವರ ಸ್ವರ ಕೊನೆಯ ಸಾಲಿನವರೆಗೂ ಕೇಳಿತ್ತು. ಕೇಳಿತ್ತೇ? ಕೇಳಿತ್ತೆಂದು ನನ್ನ ನೆನಪು. ಈ ನೆನಪನ್ನು ನಂತರ ನಾನೇ ಬಹಳ ಸಲ ಅನುಮಾನಿಸಿದ್ದೇನೆ.

ಮಧ್ಯಾಹ್ನ, ಜನ ಕೋಳಿಯ ಎಲುಬು ಚೀಪುತ್ತ ಕೂತಿದ್ದಾಗ ಅವರ ಸರದಿ ಬಂತು. ಡ್ರಮ್ಮಿನ ಹಿಂದೆ ಕೂತವರಿಗೂ, ಸ್ಪೀಕರಿನ ಬೆನ್ನಿಗೆ ನಿಂತ ನನಗೂ ಹಾಲಿಗೆ ಏನು ಕೇಳುತ್ತಿದೆ ಎಂದು ತಿಳಿಯುವುದಿಲ್ಲ. ವಾಮನಣ್ಣ ಕಣ್ಣು ಮುಚ್ಚಿ, ತುಟಿಯನ್ನು ಜಾಲರಿಗೆ ಒತ್ತಿ ಹಾಡಿದರು, ಭುಜ ಏಳದ ಕಡೆ ಮೊಣಕೈಯಿಂದಲೇ ಬಾರಿಸಿದರು. ಹಾಡು ಮುಗಿಯಿತು. ಚಪ್ಪಾಳೆ ಬರಲಿಲ್ಲ. ಮುಂದೆ ಕೂತಿದ್ದ ಮುದುಕರೊಬ್ಬರು ಗಟ್ಟಿಯಾಗಿ ಕೇಳಿದರು: "ಎಂತ, ಈ ಜನ ಬರೀ ಬಾಯಿ ಆಡಿಸಿದ್ದಾ?" ಸುತ್ತಲಿನವರು ನಕ್ಕರು. ದಿವಾಕರ ತನ್ನ ಮೈಕಿನಲ್ಲಿ ಅವರೊಂದಿಗೆ ನಕ್ಕು, ಮುಂದಿನ ಹಾಡಿಗೆ ಕೈ ಎತ್ತಿದ. ವೇದಿಕೆ ಇಳಿದು ಉಂಡೆದ್ದವನು ವಾಮನಣ್ಣನ ಬೆನ್ನು ತಟ್ಟಿ ಹೇಳಿದ: "ಡ್ರಮ್ಮಿನ ಎದುರು ನಿನ್ನ ಸ್ವರ ನಿಲ್ಲುದಿಲ್ಲ ವಾಮನ. ಮೈಕ್ ಎಂತ ಮಾಡ್ತದೆ?" ಆ ಕೈಯಲ್ಲಿ ಇನ್ನೂ ಕೋಳಿಯ ಮಸಾಲೆ ಇತ್ತು, ಬಿಳಿ ಅಂಗಿಯ ಮೇಲೆ ಐದು ಬೆರಳೂ ಮೂಡಿದವು. ಅದನ್ನು ನೋಡಿ ನನಗೆ ಬಂದ ಹೇಸಿಗೆ ಬೇರೆಯದೇ ಜಾತಿಯದ್ದು.

ಮುಂದಿನ ಕಾರ್ಯಕ್ರಮಕ್ಕೆ ವಾಮನಣ್ಣನ ಬದಲು ಪ್ಯಾಡ್ ಯಂತ್ರ ಬಂತು. ಕೆಲವು ಕಾರ್ಯಕ್ರಮಗಳ ನಂತರ ನಾನೂ ತಂಡ ಬಿಟ್ಟೆ.

ವಾಮನಣ್ಣನನ್ನು ಕೊನೆಯ ಸಲ ಕಂಡದ್ದು ಕಾಪುವಿನಲ್ಲಿ, ಅವರು ಕೆಲಸಕ್ಕಿದ್ದ ಐಸ್ ಪ್ಲಾಂಟಿನ ಹೊರಗೆ. ಎಲೆಅಡಿಕೆ ಮತ್ತೆ ಶುರುವಾಗಿತ್ತು. ಸ್ನೇಹಿತರು ಯಾರೋ ಭಜನೆಗೆ ಕರೆದರೆ ಹೋಗುವುದಿಲ್ಲವಂತೆ.

"ಯಾಕೆ ಹೋಗುವುದಿಲ್ಲ?" ಎಂದೆ.

"ಅಷ್ಟು ಒಳ್ಳೆ ಮೈಕಿಗೂ ಕೇಳದ ಸ್ವರ ದೇವರಿಗೆ ಕೇಳ್ತದಾ ಡಾಕ್ಟ್ರೇ?" ಎಂದು ಉಗುಳಿದರು. ಹನಿ ನನ್ನ ಚಪ್ಪಲಿಗೆ ಹಾರಿತು. ಗಮನಿಸದವನಂತೆ ನಿಂತೆ. "ನಾನು ಇಷ್ಟು ವರ್ಷ ನನ್ನ ತಲೆಯ ಒಳಗೆ ಮಾತ್ರ ಹಾಡಿದ್ದೆ ಕಾಣ್ತದೆ."

ಮೈಕ್ ಒಳ್ಳೆಯದೇ ಇತ್ತು, ಹಾಲ್ ಸರಿ ಇರಲಿಲ್ಲ ಎಂದೇನೋ ಹೇಳಿದೆ. ಅವರು ನಂಬಲಿಲ್ಲ. ನಾನೂ ನಂಬಿರಲಿಲ್ಲ. ಕಳೆದ ಮಳೆಗಾಲದಲ್ಲಿ ಅವರು ತೀರಿಹೋದರು. ನನಗೆ ತಿಳಿದದ್ದು ತಡವಾಗಿ.

ಇತ್ತೀಚೆಗೆ ಕಾರ್ಕಳದ ಆ ಮದುಮಗಳ ಅಣ್ಣ ಪರಿಚಯವಾದ. ಮದುವೆಯ ಫೋಟೋಗಳನ್ನು ಕೇಳಿ ತರಿಸಿಕೊಂಡೆ. ವಾಮನಣ್ಣ ಹಾಡುತ್ತಿರುವ ಒಂದು ಫೋಟೋವನ್ನು ವೇದಿಕೆಯ ಪಕ್ಕದಿಂದ ತೆಗೆದಿದ್ದಾರೆ. ಬಾಯಿ ಅಗಲವಾಗಿ ತೆರೆದಿದೆ, ಕತ್ತಿನ ನರ ಉಬ್ಬಿದೆ. ತಮ್ಮ ಹೊಸ ವಯರ್ ಇತರರದ್ದರೊಂದಿಗೆ ಬೆರೆಯಬಾರದೆಂದು ಎರಡೂ ತುದಿಗೆ ಅವರು ಹಳದಿ ಟೇಪು ಸುತ್ತಿದ್ದರು. ಫೋಟೋವನ್ನು ಹಿಗ್ಗಿಸಿ ನೋಡಿದೆ, ಇನ್ನಿಬ್ಬರಿಗೂ ತೋರಿಸಿ ಕೇಳಿದೆ. ಒಂದು ಹಳದಿ ತುದಿ ಮೈಕಿನಲ್ಲಿದೆ. ಇನ್ನೊಂದು ಮಿಕ್ಸರಿನಲ್ಲಿಲ್ಲ, ನೀಟಾಗಿ ಸುರುಳಿ ಸುತ್ತಿ, ದಿವಾಕರನ ಕುರ್ಚಿಯ ಬೆನ್ನಿಗೆ ನೇತುಹಾಕಿದೆ.